ಗಾಜಿನ ಲೋಟದ ಬಂಗಾಳಕೊಲ್ಲಿ

ಎಂದಿನಂತೆ ಆ ಬೆಳಗ್ಗೆಯೂ ಹಾಲಿನ ಪಾತ್ರೆ ತೊಳೆದು ಬಾಗಿಲಲ್ಲಿಟ್ಟು, ಚಹಾಕ್ಕೆ ನೀರು ಕಾಯಿಸಿ, ತೇರಗಾಂವದಿಂದ ಹಳಿಯಾಳಕ್ಕೆ ಹಾಲು ತರುವ ಗಂಗವ್ವನಿಗಾಗಿ ಕಾಯುತ್ತಿದ್ದೆ. ಬಂದವಳು ಹಾಲು ಅಳೆಯುವ ಮೊದಲೇ ಕೇಳಿದಳು: “ಅಕ್ಕಾರ, ನಿಮ್ಮ ಮಗಳು ಕಂಪ್ಯೂಟರಿನ್ಯಾಗ ಮಳಿ ನೋಡ್ತಾಳಂತಲ್ರಿ. ಬಿತ್ತಾಕ ಕೂರಿಗಿ ಬಂದು ನಿಂತೈತಿ. ಇವತ್ತ ಭತ್ತ ಬಿತ್ತಲೋ, ಎಂಟು ದಿನ ತಡೀಲೋ?”

ನಮ್ಮ ಕಡೆ ಮಳೆಗೆ ಮೊದಲೇ ಒಣಮಣ್ಣಿಗೆ ಭತ್ತ ಬಿತ್ತುತ್ತಾರೆ. ಒಂದು ಮಳೆ ಬಿದ್ದು, ಮೊಳಕೆಯೊಡೆದು, ಆಮೇಲೆ ಬಿಸಿಲು ಹಿಡಿದರೆ ವರ್ಷವಿಡೀ ಕಾದಿಟ್ಟ ಬೀಜವೆಲ್ಲ ಮಣ್ಣುಪಾಲು. ಇಂಥ ಪ್ರಶ್ನೆಗೆ “ಗೊತ್ತಿಲ್ಲ” ಎನ್ನುವ ಧೈರ್ಯ ನನಗೆ ನಾನು ಓದಿದ ಕಾನ್ವೆಂಟಿನಲ್ಲಿ ಬರಲಿಲ್ಲ. ಅಲ್ಲಿ ಮೊದಲು ಕೈಯೆತ್ತಿದವರಿಗೇ ಸಿಸ್ಟರ್ ಮಾತೆ ಮೇರಿಯ ಪುಟ್ಟ ಚಿತ್ರ ಕೊಡುತ್ತಿದ್ದರು.

ಗಾಜಿನ ಲೋಟ ತಂದೆ. ಬೀಟ್‌ರೂಟ್ ರಸ ಬೆರೆಸಿದ ಉಪ್ಪುನೀರಿನ ಮೇಲೆ, ಚಮಚದ ಬೆನ್ನಿನಿಂದ ಮೆಲ್ಲಗೆ ಸಿಹಿನೀರು ಇಳಿಸಿದೆ. ಎರಡೂ ಬೆರೆಯದೆ ನಿಂತವು.

“ಬಂಗಾಳಕೊಲ್ಲಿ ಹಿಂಗ ಐತಿ ನೋಡು ಗಂಗವ್ವ. ನದಿ ನೀರು, ಮಳಿ ನೀರು ಮ್ಯಾಲೆ. ಭಾರದ ಉಪ್ಪುನೀರು ಕೆಳಗ. ಗಾಳಿ ಬೀಸಿದ್ರೂ ಲಗೂ ಬೆರಿಯಂಗಿಲ್ಲ. ಮ್ಯಾಲಿನ ತೆಳು ಪದರು ಬ್ಯಾಗ ಕಾಯ್ತೈತಿ, ಅದರ ಬಿಸಿಗೆ ಮೋಡ ಆಗ್ತಾವು. ನನ್ನ ಮಗಳು ಅದರದೇ ಲೆಕ್ಕ ಹಾಕ್ತಾಳ.”

ಗಂಗವ್ವ ಲೋಟವನ್ನು ಸುತ್ತಲೂ ತಿರುಗಿಸಿ ನೋಡಿದಳು. “ಇದರಾಗ ತೇರಗಾಂವ ಎಲ್ಲೈತ್ರಿ?”

ಲೋಟವನ್ನು ಅವಳ ಕೈಯಿಂದ ತೆಗೆದಿಟ್ಟೆ. “ಇವತ್ತ ಬಿತ್ತು,” ಎಂದುಬಿಟ್ಟೆ.

ಅವಳು ಹೋದ ಮೇಲೆ ತೇರಗಾಂವದಲ್ಲಿ ಇವತ್ತು ಬಿತ್ತಬಹುದೇ ಎಂದು ಮಗಳಿಗೆ ಫೋನು ಮಾಡಿ ಕೇಳಿದೆ. ಅವಳೆಂದಳು: “ಮಮ್ಮಿ, ನನ್ನ ಮಾಡೆಲಿನ್ಯಾಗ ಹಳಿಯಾಳ, ಜೋಯಿಡಾ ಎಲ್ಲಾ ಕೂಡಿ ನಕಾಶಿ ಮ್ಯಾಲಿನ ಒಂದ ಚೌಕ. ಜೋಯಿಡಾದ ಘಟ್ಟದ ಮಳಿ, ನಮ್ಮ ಮಳಿ ಒಂದ ಏನು? ಸಮುದ್ರದ ಆ ಪದರು ಒಂಚೂರು ದಪ್ಪ ಹಿಡದ್ರ ಮಳಿ ಬರೂ ದಿನಾನ ಬದಲಾಗ್ತಾವು. ನಾನೇ ಇನ್ನೂ ಲೆಕ್ಕ ತಿದ್ದಾಕತ್ತೀನಿ. ಬಿತ್ತು ಅಂತ ಯಾರಿಗೂ ಹೇಳಬ್ಯಾಡ.”

ಹೇಳಿಯಾಗಿತ್ತು. ಒಲೆ ಆರಿಸಿ ತೇರಗಾಂವದ ಬಸ್ಸು ಹತ್ತಿದೆ. ನಾನು ಅವಳ ಹೊಲ ಮುಟ್ಟುವಷ್ಟರಲ್ಲಿ ಕೂರಿಗೆಯ ಸಾಲುಗಳು, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ, ಬದುವಿನವರೆಗೂ ಮುಗಿದಿದ್ದವು. ಗಂಗವ್ವ ಬರಿದಾದ ಬೀಜದ ಚೀಲ ಕೊಡವುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. “ಆತು ಬಿಡ್ರಿ ಅಕ್ಕಾರ, ಇನ್ನ ಹೊರಗ ತೆಗಿಯಾಕ ಬರ್ತೈತೇನ್ರಿ?” ಎಂದು ನನಗೇ ಮಜ್ಜಿಗೆ ಕೊಟ್ಟಳು.  ಮೇಲೆ ಒಂದು ಹಿಡಿ ಮೋಡವೂ ಇರಲಿಲ್ಲ.

ಸಂಜೆ, ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಶಾಹಿದಾಳ ಮುಂದೆ ಈ ಪಾಪವನ್ನೆಲ್ಲ ತೋಡಿಕೊಂಡೆ. ಅವಳು ದುಪಟ್ಟಾ ಮಡಚುತ್ತಲೇ ಹೇಳಿದಳು: “ಬಿತ್ತೂ ದಿನ ಗಂಗವ್ವ ಮೊದಲ ಗೊತ್ತು ಮಾಡಿರ್ತಾಳ್ರಿ ಭಾಭಿ. ಮಳಿ ತಪ್ಪಿದ್ರ ಬೈಯಾಕ ಒಬ್ಬರು ಬೇಕಲ್ಲ, ಅದಕ್ಕ ಕೇಳ್ತಾಳ. ಹ್ವಾದ ವರ್ಷ ಬೈಸಿಕೊಳ್ಳೂ ಪಾಳಿ ನಂದಿತ್ತು.”