ವೆಲ್ಷ್ ವಾರ್ತೆಯೂ ನಮ್ಮ ಮನೆಯ ಲಟ್ಟಣಿಗೆಯೂ

ಅರ್ಥವಾಗದ ಭಾಷೆಯಲ್ಲಿ ವಾರ್ತೆ ಕೇಳುವಷ್ಟು ನೆಮ್ಮದಿ ಇನ್ನೊಂದಿಲ್ಲ. ಎಲ್ಲಿ ಏನು ಅನಾಹುತವಾಯಿತೆಂದು ತಿಳಿಯುವುದಿಲ್ಲ, ರಕ್ತದೊತ್ತಡ ಏರುವುದಿಲ್ಲ. ನಾನಂತೂ ದಿನಾ ಸಂಜೆ ದಾದರಿನ ಆಫೀಸಿನಿಂದ ಸಯನ್‌ನ ಮನೆಗೆ ಬಂದು, ಕಾಫಿ ಹಿಡಿದು, ಮೊಬೈಲಿನಲ್ಲಿ ವೆಲ್ಷ್ ಭಾಷೆಯ ಮಕ್ಕಳ ಟಿವಿ ವಾರ್ತೆ ನೋಡುತ್ತೇನೆ. ಈ ಚಟ ಹತ್ತಿಸಿದವಳು ವೇಲ್ಸ್‌ನಲ್ಲಿರುವ ನನ್ನ ತಂಗಿ. ಸುತ್ತ ಇಂಗ್ಲಿಷ್ ತುಂಬಿದ್ದರೂ ಅಲ್ಲಿಯವರು ಮಕ್ಕಳಿಗೆಂದೇ ತಮ್ಮ ಭಾಷೆಯಲ್ಲಿ ವಾರ್ತೆ ಮಾಡುತ್ತಾರಂತೆ. "ನನ್ನ ಮಗ ಅದನ್ನ ನೋಡಿ ನೋಡೇ ವೆಲ್ಷ್ ಕಲಿತ ಕಣೋ. ನಿನ್ನ ಮಗಳ ಕನ್ನಡ ಎಲ್ಲಿಗೆ ಬಂತು?" ಎಂದು ಫೋನಿನಲ್ಲಿ ಕೇಳಿದಳು.

ಎಲ್ಲಿಗೂ ಬಂದಿರಲಿಲ್ಲ. ಹದಿಮೂರು ವರ್ಷದ ಅನಘಾ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೈಸೂರಿನಿಂದ ನನ್ನ ಅಮ್ಮ ಫೋನ್ ಮಾಡಿದರೆ "ಹ್ಞೂಂ ಅಜ್ಜಿ" ಎಂದು ಫೋನನ್ನು ನನ್ನ ಕೈಗೆ ದಾಟಿಸಿಬಿಡುತ್ತಾಳೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆಗೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ, ಭಾನುವಾರದಿಂದ ಮಕ್ಕಳ ಕನ್ನಡ ವಾರ್ತೆ ಶುರು, ಓದುವವಳು ಕುಮಾರಿ ಅನಘಾ ಎಂದು ಘೋಷಿಸಿಬಿಟ್ಟೆ. ಕುಮಾರಿಯನ್ನು ಕೇಳಿರಲಿಲ್ಲ. ವಾರ್ತೆಯನ್ನೂ ನಾನೇ ಬರೆದೆ. "ಆತ್ಮೀಯ ಬಾಲವೃಂದಕ್ಕೆ ಆದರಪೂರ್ವಕ ಪ್ರಣಾಮಗಳು" ಎಂದು ಆರಂಭ. ಹೆಂಡತಿ ಸರಳಾ ಅದನ್ನೊಮ್ಮೆ ಓದಿ, "ಇದನ್ನ ನೋಡಿದ್ರೆ ನಂಗೂ ಹಿಂದೀಲೇ ಮಾತಾಡೋಣ ಅನ್ಸತ್ತೆ" ಎಂದು ಒಳಗೆ ಹೋದಳು.

ಭಾನುವಾರ ಅನಘಾ ಮೈಕಿನ ಬದಲು ಲಟ್ಟಣಿಗೆ ಹಿಡಿದು ನಿಂತಳು. ಮೂರನೆಯ ಪದಕ್ಕೇ ನಾನು ತಿದ್ದಿದೆ. ಐದನೆಯದಕ್ಕೂ ತಿದ್ದಿದೆ. ಅವಳು ಲಟ್ಟಣಿಗೆ ಕೆಳಗಿಟ್ಟಳು. "ಮೈ ನಹೀಂ ಕರೂಂಗಿ, ಅಪ್ಪ."

ನಾನು ಮೊಬೈಲಿನಲ್ಲಿ ವೆಲ್ಷ್ ವಾರ್ತೆ ತೋರಿಸಿದೆ. "ನೋಡು, ಈ ಮಕ್ಕಳು ಎಷ್ಟು ಚೆನ್ನಾಗಿ ಮಾತಾಡ್ತಾರೆ!"

"ಚೆನ್ನಾಗಿ ಅಂತ ನಿಮಗೆ ಹೇಗೆ ಗೊತ್ತು? ಅವರೂ ಮಿಸ್ಟೇಕ್ ಮಾಡ್ತಾ ಇರಬಹುದು ನಾ. ನಿಮಗೆ ಗೊತ್ತಾಗಲ್ಲ, ಇಸ್ಲಿಯೇ ಖುಷಿಯಿಂದ ನೋಡ್ತೀರ. ಹಿಂದೀಲಿ ನನ್ನ ಯಾರೂ ತಡೆಯಲ್ಲ. ಕನ್ನಡದಲ್ಲಿ ಬಾಯಿ ತೆಗೆದ್ರೆ ನೀವು ತಡೀತೀರ."

ಇಷ್ಟನ್ನೂ ಅವಳು ಹೆಚ್ಚುಕಡಿಮೆ ಕನ್ನಡದಲ್ಲೇ ಹೇಳಿದಳೆಂಬುದು ನನಗೆ ಹೊಳೆದದ್ದು ಆಮೇಲೆಯೇ. ಕೊನೆಗೆ ರಾಜಿಯಾಯಿತು. ಅವಳು ತನಗೆ ತೋಚಿದ್ದನ್ನು ಹೇಳುವುದು, ನಾನು ಅವಳ ಕನ್ನಡವನ್ನು ವೆಲ್ಷ್ ಎಂದುಕೊಂಡು ಮೊಬೈಲಿನಲ್ಲಿ ಚಿತ್ರೀಕರಿಸುವುದು. ಸರಳಾ ಮುಂಜಾಗ್ರತೆಯಾಗಿ ನನ್ನ ಬಾಯಿಗೊಂದು ಶೇಂಗಾ ಚಿಕ್ಕಿ ಹಾಕಿದಳು.

"ನಮಸ್ಕಾರ. ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಬಂದ್ ಆಗಿದೆ. ಐದನೇ ಮಾಳಿಗೆ ಆಂಟಿ ಕೆಳಗೆ ಬರಲ್ಲ. ಅವರ ಬೆಕ್ಕು ಮಾತ್ರ ಬರುತ್ತೆ. ನಾವು ಬೆಕ್ಕಿನ ಜೊತೆ ತರಕಾರಿ ಕಳಿಸಕ್ಕಾಗಲ್ಲ, ಅದಕ್ಕೆ ನಾನೇ ಹತ್ತಿ ಹೋಗಿ ಕೊಟ್ಟೆ." ತಿದ್ದಬೇಕಾದ ಜಾಗಗಳಲ್ಲೆಲ್ಲ ನಾನು ಚಿಕ್ಕಿ ಕಡಿದೆ. ಅಷ್ಟರಲ್ಲಿ ಲಟ್ಟಣಿಗೆ ಮೊಬೈಲಿನ ಈಚೆಗೆ, ನನ್ನ ಮೂಗಿನ ಹತ್ತಿರ ಬಂತು. "ಲಿಫ್ಟ್ ಬಗ್ಗೆ ನೀವು ಏನು ಹೇಳ್ತೀರ?"

ಈ ಊರಿನಲ್ಲಿ ಲಿಫ್ಟಿನ ಬಗ್ಗೆ ದೂರುವುದನ್ನು ನಾನು ಮೊದಲಿಂದಲೂ ಒಂದೇ ಭಾಷೆಯಲ್ಲಿ ರೂಢಿ ಮಾಡಿಕೊಂಡವನು. "ಅರೇ, ಕ್ಯಾ ಬೋಲೂಂ! ಬಂದ್ ಪಡಾ ಹೈ, ಕೋಯಿ ದೇಖ್ತಾ ನಹೀಂ" ಎಂದುಬಿಟ್ಟೆ.

ವಿಡಿಯೋ ಸಂಘದ ಗುಂಪಿಗೂ ಮೈಸೂರಿನ ಅಮ್ಮನಿಗೂ ಹೋಯಿತು. ಸ್ವಲ್ಪ ಹೊತ್ತಿಗೆ ಅಮ್ಮನ ಫೋನ್. "ಅನಘಾ ಹೇಳಿದ್ದೆಲ್ಲ ಅರ್ಥವಾಯ್ತು ಕಣೋ, ಎಷ್ಟು ಮುದ್ದಾಗಿ ಮಾತಾಡ್ತಾಳೆ! ಕೊನೇಲಿ ಏನೋ ಜಗೀತಾ ಹಿಂದೀಲಿ ಮಾತಾಡಿದೋರು ಯಾರು? ಪಾಪ, ಅವರಿಗೂ ಒಂದಿಷ್ಟು ಕನ್ನಡ ಕಲಿಸ್ಬಾರ್ದಾ ನೀನು?"

ನಾನು "ಹ್ಞೂಂ ಅಮ್ಮ" ಎಂದು ಫೋನನ್ನು ಮಗಳ ಕೈಗೆ ದಾಟಿಸಿದೆ.