ಉಮಾಪತಿ ಮಣಿಕಟ್ಟು ಸಡಿಲ ಬಿಟ್ಟ ದಿನ

ಉಮಾಪತಿಯ ಕೈಯಿಂದ ಚಹಾದ ಲೋಟ ಜಾರಿ ಬಿದ್ದಾಗ ಬೆಳಗಿನ ಏಳೂಕಾಲು. ಬಿದ್ದದ್ದು ಸ್ಟೀಲ್ ಲೋಟ, ಒಡೆಯುವ ಮಾತಿಲ್ಲ. ಒರೆಸಿ ಎತ್ತಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯ ಉಚ್ಚೆಂಗೆಮ್ಮ ಕಟ್ಟೆಯ ಮೇಲೆ ನಿಂತು ಅದನ್ನು ನೋಡಿಬಿಟ್ಟಳು. ಬಳ್ಳಾರಿಯ ಕೌಲ್ ಬಜಾರಿನ ಆ ಓಣಿಯಲ್ಲಿ ಉಚ್ಚೆಂಗೆಮ್ಮ ನೋಡಿದ್ದೆಂದರೆ ಪೇಪರಿನಲ್ಲಿ ಬಂದ ಹಾಗೆಯೇ.

ಲೋಟ ಬಿದ್ದದ್ದಕ್ಕೆ ಕಾರಣವಿತ್ತು. ಉಮಾಪತಿ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಎಂಬತ್ತು ಪದರ ದಪ್ಪ ಬಟ್ಟೆಯ ಮೇಲೆ ಮಿಷನ್ ಓಡಿಸುವವನು ಹಿಡಿತ ಸಡಿಲ ಬಿಟ್ಟರೆ ಪ್ಯಾಂಟಿನ ಜೊತೆಗೆ ಬೆರಳೂ ಹೋಗುತ್ತದೆ. ಹದಿನಾಲ್ಕು ವರ್ಷ ಹಾಗೆ ಪಳಗಿದ ಕೈ, ಸಂಜೆ ಸ್ನೂಕರ್ ಕ್ಲಬ್ಬಿಗೆ ಹೋದರೂ ಸ್ಟಿಕ್ಕನ್ನು ಕಳ್ಳನ ರಟ್ಟೆ ಹಿಡಿದಂತೆ ಹಿಡಿಯುತ್ತಿತ್ತು. ಹೊಡೆಯುವ ಕ್ಷಣಕ್ಕೆ ಸರಿಯಾಗಿ ಮಣಿಕಟ್ಟು ತಿರುಚಿಕೊಳ್ಳುತ್ತಿತ್ತು, ಬಿಳಿ ಚೆಂಡು ತನ್ನ ದಾರಿ ಬಿಟ್ಟು ಬೇರೆ ಯಾವುದೋ ಊರಿಗೆ ಹೊರಟುಬಿಡುತ್ತಿತ್ತು.

ಬರುವ ಭಾನುವಾರ ಸಿರುಗುಪ್ಪದ ಕ್ಲಬ್ಬಿನವರ ಜೊತೆ ಹೊಸಬರ ಪಂದ್ಯವಿತ್ತು. ನಾಲ್ಕು ಜನರ ತಂಡದಲ್ಲಿ ಒಂದು ಜಾಗ ಖಾಲಿ. ಶಾಲೆಯ ಕಬಡ್ಡಿಯಿಂದ ಹಿಡಿದು ಕಾರ್ಖಾನೆಯ ಕ್ರಿಕೆಟ್ಟಿನವರೆಗೆ ಉಮಾಪತಿಯನ್ನು ಯಾವ ತಂಡಕ್ಕೂ ಯಾರೂ ಕರೆದವರಲ್ಲ. ಕ್ಲಬ್ಬಿನ ಬೋರ್ಡಿನ ಮೇಲೆ ಒಮ್ಮೆಯಾದರೂ ತನ್ನ ಹೆಸರು ನೋಡಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಅಲ್ಲಿ ಆಟ ಕಲಿಸುವ ಹಾಲಸಿದ್ದಪ್ಪ ಮಾಸ್ತರರು ಹಿಂದಿನ ಸಂಜೆ ಹೇಳಿದ್ದರು:

"ನಾಳೆ ಐದಕ್ಕ ಬಾ. ಐದು ರೆಡ್ ಚೆಂಡು ಇಡ್ತೀನಿ, ಮೂರು ಪಾಕೆಟ್ಟಿಗೆ ಹಾಕಿದ್ರ ಜಾಗ ನಿಂದು. ಅಲ್ಲೀತನಕ ಏನನ್ನೂ ಬಿಗಿ ಹಿಡೀಬ್ಯಾಡ. ಹೆಬ್ಬೆರಳು, ಅದರ ಬಾಜು ಎರಡು ಬೆರಳು, ಅಷ್ಟ. ಉಳಿದವು ಸುಮ್ನ ಬಿಚ್ಚಿಕೊಂಡಿರ್ಲಿ. ಮಣಿಕಟ್ಟು ಜೋತು ಬಿಡು. ಹಲ್ಲುಜ್ಜೋದು, ಚಾ ಕುಡಿಯೋದು, ಎಲ್ಲಾ ಹಂಗ."

ಮರುದಿನ ಕರೆಂಟಿನ ರಿಪೇರಿಗೆಂದು ಕಾರ್ಖಾನೆಗೆ ರಜೆ. ಉಮಾಪತಿ ಗುರುವಿನ ಮಾತನ್ನು ಅಕ್ಷರಶಃ ಪಾಲಿಸಿದ. ಬ್ರಷ್ಷು ಚರಂಡಿಗೆ ಹೋಯಿತು, ಲೋಟ ಅಂಗಳಕ್ಕೆ ಹೋಯಿತು.

"ಯಪ್ಪಾ ಉಮಾಪತಿ, ಕೈ ಯಾಕ ಹಂಗ ಜೋತು ಬಿದ್ದೈತಿ?" ಎಂದಳು ಉಚ್ಚೆಂಗೆಮ್ಮ.

"ಏನಿಲ್ಲಕ್ಕಾ, ನಾನ ಬಿಟ್ಟೀನಿ."

"ತಮ್ಮ ಕೈ ತಾವ ಯಾರ್ ಬಿಡ್ತಾರ? ಎಲ್ಲಿ, ಒಂಚೂರು ನಗು, ನೋಡೂನು."

ಉಮಾಪತಿ ನಕ್ಕ. ಅವನ ನಗೆ ಹುಟ್ಟಿದಾಗಿನಿಂದ ಎಡಕ್ಕೇ ಸ್ವಲ್ಪ ಜಾಸ್ತಿ.

"ಬಾಯೀನೂ ಸೊಟ್ಟಾತು! ಲಕ್ವಾ ಹೊಡದೈತಿ, ಬರ್ರೋ ಯಾರರ!"

ಐದು ನಿಮಿಷದಲ್ಲಿ ಅಂಗಳ ತುಂಬಿತು. ಉಮಾಪತಿಯ ಹೆಂಡತಿ ಸುಧಾರಾಣಿ ತಂಗಿಯ ಮಗುವಿನ ನಾಮಕರಣಕ್ಕೆಂದು ಹಚ್ಚೊಳ್ಳಿಗೆ ಹೋಗಿದ್ದಳು. ಹೋಗುವಾಗ ಉಚ್ಚೆಂಗೆಮ್ಮನಿಗೆ "ಇವರನ್ನ ಸ್ವಲ್ಪ ನೋಡ್ಕೋರಿ" ಎಂದು ಬಾಯಿಮಾತಿಗೆ ಹೇಳಿದ್ದಳು. ಈಗ ಉಚ್ಚೆಂಗೆಮ್ಮ ಮನಸಾರೆ ನೋಡಿಕೊಳ್ಳತೊಡಗಿದಳು.

"ಅಕ್ಕಾ, ಲಕ್ವಾ ಅಲ್ಲ. ಸ್ನೂಕರ್ ಆಡಾಕ ಮಣಿಕಟ್ಟು ಸಡಿಲ ಮಾಡ್ಕೊಳ್ಳಾಕತ್ತೀನಿ. ಕಿರಿಬೆರಳು ಬಿಗಿ ಹಿಡದ್ರ ಬಿಳಿ ಚೆಂಡು ಸೊಟ್ಟ ಹೋಗ್ತೈತಿ."

ಎದುರುಮನೆಯ ಆಟೋ ಎರ್ರಿ ತಲೆಯಾಡಿಸಿದ. "ಕಿರಿಬೆರಳಂತ, ಬಿಳಿ ಚೆಂಡಂತ. ಪಾಪ, ತೆಲಿಗೂ ಏರೈತಿ. ಹತ್ತಿಸ್ರಿ ಆಟೋಕ್ಕ."

ಒಂದು ಸಲ ಮುಷ್ಟಿ ಬಿಗಿದು ತೋರಿಸಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಅದು ಉಮಾಪತಿಗೂ ಹೊಳೆಯಿತು. ಆದರೆ ಬೆಳಗಿನಿಂದ ಕಷ್ಟಪಟ್ಟು ಸಡಿಲಿಸಿದ ಕೈ! ಒಮ್ಮೆ ಬಿಗಿದರೆ ಸಂಜೆ ಐದರೊಳಗೆ ಮತ್ತೆ ಬಿಡುತ್ತದೋ ಇಲ್ಲವೋ. ಅವನು ಬೆರಳು ಬಿಗಿಯಲಿಲ್ಲ, ಕಣ್ಣು ಮುಚ್ಚಿಕೊಂಡು ಆಟೋದಲ್ಲಿ ಕುಳಿತ. ಆಟೋ ಕುರುಗೋಡಿನ ದಾರಿ ಹಿಡಿಯಿತು. ಅಲ್ಲಿ ಗಾದಿಲಿಂಗ ಎಂಬುವನು ಲಕ್ವಕ್ಕೆ ಎಣ್ಣೆ ಹಚ್ಚಿ ಕಟ್ಟು ಕಟ್ಟುತ್ತಾನೆಂದು ಉಚ್ಚೆಂಗೆಮ್ಮನಿಗೆ ಯಾರೋ ಹೇಳಿದ್ದರಂತೆ.

ಅಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಗಾದಿಲಿಂಗ ಉಮಾಪತಿಯ ಕೈ ಎತ್ತಿ ಬಿಟ್ಟ. ಕೈ ತೊಪ್ಪೆಂದು ಬಿತ್ತು. ಗಾದಿಲಿಂಗನಿಗೆ ಸಂತೋಷವಾಯಿತು.

"ನನ್ನ ಬೆರಳು ಹಿಚುಕು, ನೋಡಾಮು."

"ಬ್ಯಾಡ್ರಿ."

"ಹಿಚುಕಾಕ ಬರಂಗಿಲ್ಲ, ಅಲ್ಲಾ? ಕೈ ಸತ್ತೈತವ್ವಾ. ಆರು ತಿಂಗಳು ಬೇಕು."

ಆರು ತಿಂಗಳೆಂಬ ಮಾತು ಕೇಳಿ ಉಮಾಪತಿಯ ತಾಳ್ಮೆ ಹರಿಯಿತು. ಹದಿನಾಲ್ಕು ವರ್ಷದ ಕಟಿಂಗ್ ಮಾಸ್ಟರಿಕೆಯನ್ನೆಲ್ಲ ಒಟ್ಟುಗೂಡಿಸಿ ಹಿಚುಕಿದ. ಗಾದಿಲಿಂಗನ ಕೂಗು ಬೀದಿಯ ಆಚೆ ತುದಿಗೆ ಕೇಳಿಸಿತು.

"ಮುಟ್ಟಿದ ಕೂಡ್ಲೇ ಗುಣ ಆತು!" ಎಂದು ಉಚ್ಚೆಂಗೆಮ್ಮ ಕೈಮುಗಿದಳು.

ಬಂದ ಕೀರ್ತಿಯನ್ನು ಗಾದಿಲಿಂಗ ಬೇಡವೆನ್ನಲಿಲ್ಲ. ಆದರೆ ಬೆರಳಿನ ಸಿಟ್ಟೂ ಇತ್ತು. ಮೊಳಕೈಯಿಂದ ಉಗುರಿನವರೆಗೆ ಎಣ್ಣೆ ಸುರಿದು, ಬಿದಿರಿನ ಸೀಳು ಇಟ್ಟು, ಕಟ್ಟು ಬಿಗಿದು, "ಮೂರು ದಿನ ಬಿಚ್ಚಂಗಿಲ್ಲ" ಎಂದು ಅಪ್ಪಣೆ ಕೊಟ್ಟ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಪರಿಚಯದವರು ಸಿಕ್ಕರು. ಉಚ್ಚೆಂಗೆಮ್ಮ ಒಬ್ಬರನ್ನೂ ಬಿಡದೆ ಆಟೋ ನಿಲ್ಲಿಸಿ ಪವಾಡ ವರ್ಣಿಸಿದಳು. ಬಳ್ಳಾರಿ ಮುಟ್ಟುವ ಹೊತ್ತಿಗೆ ಐದಕ್ಕೆ ಹತ್ತು ನಿಮಿಷ. ಮಾರ್ಕೆಟ್ಟಿನ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂದು ಆಟೋ ನಿಂತದ್ದೇ ತಡ, ಉಮಾಪತಿ ಜಿಗಿದು ಓಡಿದ.

"ಹಿಡೀರೋ, ಲಕ್ವಾದ ಮನಿಷಾ ಓಡಾಕತ್ಯಾನ!" ಎನ್ನುತ್ತ ಉಚ್ಚೆಂಗೆಮ್ಮ ಸೆರಗು ಸಿಕ್ಕಿಸಿಕೊಂಡು ಬೆನ್ನಟ್ಟಿದಳು.

ಕ್ಲಬ್ಬಿನ ಬಾಗಿಲಲ್ಲೇ ಹಲ್ಲಿನಿಂದ ಕಟ್ಟು ಹರಿದು ಉಮಾಪತಿ ಟೇಬಲ್ಲಿನ ಮುಂದೆ ನಿಂತ. ಮೊಳಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹಾಲಸಿದ್ದಪ್ಪ ಮಾಸ್ತರರು ಕನ್ನಡಕ ಏರಿಸಿದರು.

"ಲೇ, ಕೈ ಸಡಿಲ ಬಿಡು ಅಂದ್ರ ಎಣ್ಣ್ಯಾಗ ಕರದು ತಂದೀಯಲ್ಲೋ!"

ಮೊದಲ ಹೊಡೆತಕ್ಕೆ ಸ್ಟಿಕ್ಕು ಬೆರಳ ಸಂದಿಯಿಂದ ಜಾರಿ ಹಿಂದಿನ ಕುರ್ಚಿಗೆ ಬಡಿಯಿತು. ಎರಡನೆಯದಕ್ಕೆ ಅಂಗಿಗೆ ಕೈ ಒರೆಸಿಕೊಂಡು ಭಯದಿಂದ ಬಿಗಿ ಹಿಡಿದ, ಚೆಂಡು ಯಾವುದಕ್ಕೂ ತಾಗದೆ ಮರಳಿತು. ಇನ್ನು ಉಳಿದ ಮೂರೂ ಬೀಳಲೇಬೇಕು. ಬಿದಿರಿನ ಕಟ್ಟಿನಲ್ಲಿದ್ದ ಕೈಗೆ ಈಗ ಬಿಗಿಯುವ ಶಕ್ತಿಯೇ ಉಳಿದಿರಲಿಲ್ಲ. ಮೊಳಕೈಯಿಂದ ಕೆಳಗೆ ತಾನಾಗಿ ತೂಗಿತು, ಹಿಂದೆ ಎಳೆದಾಗ ಕಿರಿಬೆರಳು ಬಿಚ್ಚಿತು, ಮುಂದೆ ಹೋದಾಗ ಮುಚ್ಚಿತು. ಟಕ್. ರೆಡ್ಡು ನೇರ ಪಾಕೆಟ್ಟಿಗೆ ಬಿತ್ತು. ನಾಲ್ಕನೆಯದೂ ಬಿತ್ತು. ಆಟ ಕಲಿಯತೊಡಗಿದ ಎರಡು ವರ್ಷದಲ್ಲಿ ತನ್ನ ಕೈಯಿಂದ ಇಂಥ ಸದ್ದು ಹೊರಟದ್ದು ಇದೇ ಮೊದಲು. ಉಮಾಪತಿಯ ಕಣ್ಣು ತುಂಬಿಬಂತು.

ಐದನೆಯದಕ್ಕೆ ಬಾಗಿದಾಗ ಗೋಡೆಯ ಬೋರ್ಡು ಕಣ್ಣಿಗೆ ಬಿತ್ತು. ಕೈ ತಾನಾಗಿ ಬಿಗಿಯಿತು. ಚೆಂಡು ಪಾಕೆಟ್ಟಿನ ಬಾಯಿಯವರೆಗೆ ಹೋಗಿ, ಎರಡು ಸಲ ಅತ್ತಿತ್ತ ಬಡಿದು, ಅಂಚಿನಲ್ಲಿ ನಿಂತಿತು.

ಏದುಸಿರು ಬಿಡುತ್ತ ಉಚ್ಚೆಂಗೆಮ್ಮ ಒಳಗೆ ಬಂದಳು. "ಈ ಗುಂಡು ತೂತಿಗೆ ಹಾಕಾಕ ಇಷ್ಟೆಲ್ಲಾ ಮಾಡಿದಿ? ತಾ ಇಲ್ಲಿ."

ಸ್ಟಿಕ್ಕು ಕಿತ್ತುಕೊಂಡು, ಉಮಾಪತಿ ಬಾಗಿದ್ದಂತೆಯೇ ಬಾಗಿ, ಕುಕ್ಕಿದಳು. ಅಂಚಿನ ರೆಡ್ಡು ಬಿತ್ತು. ಮಾಸ್ತರರು ಇನ್ನೊಂದನ್ನು ದೂರ ಇಟ್ಟರು. ಅದೂ ಬಿತ್ತು. ಮೂರನೆಯದೂ, ನಾಲ್ಕನೆಯದೂ ಬಿದ್ದವು. ಐದನೆಯದು ಬೀಳಲಿಲ್ಲ, ಅಷ್ಟರಲ್ಲಿ ಆಕೆ ಹೊಡೆಯುತ್ತಲೇ ಮಾತಿಗೆ ಶುರುಮಾಡಿದ್ದಳು.

ಮಾಸ್ತರರು ಮಂಡಿಯೂರಿ ಕುಳಿತು ಆಕೆಯ ಮಣಿಕಟ್ಟನ್ನೇ ನೋಡುತ್ತಿದ್ದರು. "ಅವ್ವಾ, ಏನು ಕೆಲಸ ಮಾಡ್ತೀರಿ ನೀವು?"

"ಖಾನಾವಳಿಗೆ ದಿನಾ ಮುನ್ನೂರು ಜ್ವಾಳದ ರೊಟ್ಟಿ ಬಡಿತೀನ್ರಿ. ಯಾಕ್ರಿ?"

"ಮಣಿಕಟ್ಟು ಹಿಂಗ ಬಿಡಾಕ ಯಾರು ಕಲಿಸಿದ್ರು?"

"ಕಲಿಸೋದೇನ್ರಿ? ಬಿಗಿ ಹಿಡದ್ರ ರೊಟ್ಟಿ ಹರಿತೈತಿ. ಸಡಿಲ ಬಿಟ್ರ ತಾನ ತಿರುಗ್ತೈತಿ."

ಮಾಸ್ತರರು ಎದ್ದು ಹೋಗಿ ಬೋರ್ಡಿನ ಖಾಲಿ ಜಾಗದಲ್ಲಿ ಬರೆದರು: ಉಚ್ಚೆಂಗೆಮ್ಮ. ಉಮಾಪತಿ ಬೋರ್ಡಿಗೆ ಬೆನ್ನು ಮಾಡಿ ಹರಿದ ಕಟ್ಟನ್ನು ಸುತ್ತತೊಡಗಿದ. ಅದನ್ನು ಕಂಡು ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟರು.

"ಎರಡು ಹಾಕಿದೀ ಇವತ್ತು. ಸುಳ್ಳಲ್ಲ, ಛಲೋ ಹಾಕಿದಿ. ಕೈ ಬರ್ತೈತಿ ನಿನಗ."

ಉಚ್ಚೆಂಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅದೆಲ್ಲಾ ಇರ್ಲಿ ಯಜಮಾನ್ರೇ. ಭಾನುವಾರ ನಾ ಸಿರುಗುಪ್ಪಕ್ಕ ಹೋದ್ರ ಮುನ್ನೂರು ರೊಟ್ಟಿ ಬಡಿಯೋರು ಯಾರು?"

ಎಲ್ಲರೂ ಉಮಾಪತಿಯ ಕೈ ನೋಡಿದರು.

ಭಾನುವಾರ ತಂಡ ಸಿರುಗುಪ್ಪದ ಬಸ್ಸು ಹತ್ತಿತು. ಉಮಾಪತಿ ಉಚ್ಚೆಂಗೆಮ್ಮನ ಒಲೆಯ ಮುಂದೆ ಕುಳಿತ. ಮೊದಲ ನಲವತ್ತು ರೊಟ್ಟಿ ಹರಿದವು. ಆಮೇಲಿನವು ಕರ್ನಾಟಕದ ನಕಾಶೆಯಂತಾದವು. ನೂರಾ ಹನ್ನೊಂದನೆಯದು ಅಂಗೈ ಕೆಳಗೆ ತಾನಾಗಿ ತಿರುಗಿತು, ಚಂದ್ರನಂತೆ ಗುಂಡಗಾಯಿತು. ಅವನು ಉಸಿರು ಬಿಗಿಹಿಡಿದು ನೋಡಿದ. ಇನ್ನೊಂದು ಬಡಿದ, ಅದೂ ತಿರುಗಿತು. ಮಣಿಕಟ್ಟು ಬಂದಿತ್ತು! ಮುಂದಿನ ಸಲ ಬೋರ್ಡಿನ ಮೇಲೆ ತನ್ನ ಹೆಸರು ಖಂಡಿತ ಎಂದು ಅವನ ಮನಸ್ಸು ಕುಣಿಯಿತು.

ಮುನ್ನೂರೂ ಖಾನಾವಳಿಗೆ ಹೋದ ಮೇಲೆ ಸಂಜೆ ಫೋನು ಬಂತು.

"ತಮ್ಮಾ, ಗೆದ್ದೆ! ಮಾಸ್ತರು ಇನ್ನ ಪ್ರತಿ ಭಾನುವಾರ ಆಡಬೇಕಂದ್ರು," ಎಂದಳು ಉಚ್ಚೆಂಗೆಮ್ಮ. "ಖಾನಾವಳಿಯವ್ರೂ ಫೋನ್ ಮಾಡಿದ್ರು. ನೀ ಕಡೀಕ ಬಡಿದ ರೊಟ್ಟಿ ನನ್ನವಕ್ಕಿಂತ ಛಲೋ ಅದಾವಂತ. ಮುಂದಿನ ಭಾನುವಾರಕ್ಕ ಹಿಟ್ಟು ಜಾಸ್ತಿ ತರಿಸಿಡು."