ಎಡಗಡೆಯ ಎರಡನೆಯ ಹಲ್ಲು

“ಇನ್ನು ಎರಡು ದಿನ ನಾನು ಯಾರ ಬಾಯಿಯನ್ನೂ ನೋಡಲ್ಲ. ಹಲ್ಲಿನ ಮಾತು ಎತ್ತಲ್ಲ. ಎತ್ತಿದ್ರೆ ನನ್ನ ಹೆಸರೇ ಬದಲಾಯಿಸು!”

ಶನಿವಾರ ಬೆಳಿಗ್ಗೆ ರೈಲಿನ ಕಿಟಕಿ ಪಕ್ಕ ಕೂತು ಮೇಸ್ತ್ರಿ ಈ ಘೋರ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಕೈಯಲ್ಲಿದ್ದ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ನೋಡೋಣ,” ಎಂದಳಷ್ಟೆ. ಆ “ನೋಡೋಣ” ಇತ್ತಲ್ಲ, ಅದರಲ್ಲಿ ಎಷ್ಟೋ ವರ್ಷಗಳ ದಾಂಪತ್ಯದ ಅನುಭವ ತುಂಬಿತ್ತು.

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ, ಹಲ್ಲು ಕಟ್ಟುವ ಮೇಸ್ತ್ರಿ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ರಟ್ಟಿನ ಡಬ್ಬಿಯಲ್ಲಿ ಬಂದ ಆ ಬಿಳಿ ದವಡೆಯ ಮೇಲೆ ಇವನು ಮೇಣ ಹಚ್ಚಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಒಂದೊಂದೇ ಹಲ್ಲು ನಿಲ್ಲಿಸಿ ಸೆಟ್ ತಯಾರಿಸಿ ವಾಪಸ್ ಕಳಿಸುತ್ತಾನೆ. ಅದು ಯಾರ ಬಾಯಿಗೆ ಹೋಯಿತು, ಅವರು ಕಪ್ಪೋ ಬಿಳಿಯೋ, ಒಂದೂ ಇವನಿಗೆ ಗೊತ್ತಾಗುವುದಿಲ್ಲ. ಜೀವಮಾನವೆಲ್ಲ ಮುಖವಿಲ್ಲದ ಬಾಯಿಗಳ ಜೊತೆ ಕಳೆದವನಿಗೆ, ಮುಖವಿರುವ ಮನುಷ್ಯರು ಸಿಕ್ಕಿದರೂ ಕಣ್ಣು ನೇರ ಬಾಯಿಗೇ ಹೋಗುತ್ತದೆ. ಹೋದರೆ ಹೋಗಲಿ, ಸುಮ್ಮನಿರಬೇಕಲ್ಲ! ಹೋದ ಸಲ ಎಲ್ಲರೂ ಊಟಕ್ಕೆ ಸೇರಿದಾಗ ಷಡ್ಡಕನ ಕಡೆ ನೋಡಿ, “ಮೇಲ್ಸಾಲು ಚೆನ್ನಾಗಿ ಕೂತಿದೆ, ಯಾರು ಕಟ್ಟಿದ್ದು?” ಎಂದುಬಿಟ್ಟ. ಆ ಮೇಲ್ಸಾಲು ಕಟ್ಟಿಸಿದ್ದೆಂದು ಷಡ್ಡಕನ ಸ್ವಂತ ಹೆಂಡತಿಗೂ ಅಂದೇ ಗೊತ್ತಾಗಿದ್ದು!

ಅವತ್ತು ಮನೆಗೆ ಬಂದ ಮೇಲೆ ಒಪ್ಪಂದವಾಯಿತು. “ನಾವಿಬ್ಬರೇ ಎಲ್ಲಿಗಾದ್ರೂ ಹೋಗೋಣ. ಒಂದೇ ಒಂದು ಸಲ ಹಲ್ಲಿನ ಮಾತು ಬಂದ್ರೂ, ಇನ್ಮೇಲೆ ರಜೆ ಅಂದ್ರೆ ನಾನು ನಮ್ಮಕ್ಕನ ಜೊತೆ. ನೀವು ನಿಮ್ಮ ದವಡೆಗಳ ಜೊತೆ ಮನೇಲಿರಿ.”

ಹೆಂಡತಿ ತಮಾಷೆಗೆ ಹೇಳಿದ್ದಲ್ಲ. ಮೇಸ್ತ್ರಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಇತ್ತೀಚೆಗೆ ಅವಳು ತನ್ನ ಕಡೆ ನೋಡುವುದು, ಗೋಡೆ ಗಡಿಯಾರದ ಕಡೆ ನೋಡಿದ ಹಾಗೆ ಎಂದು ಅವನಿಗೇ ಅನ್ನಿಸುತ್ತಿತ್ತು. ಹಾಗೆಂದು ತಾನು ಅವಳ ಕಡೆ ನಕ್ಕು ಎಷ್ಟು ಕಾಲವಾಯಿತು ಎಂದು ಮಾತ್ರ ಯೋಚಿಸಿರಲಿಲ್ಲ. ಮುಂದಿನ ಸಾಲಿನ ಒಂದು ಹಲ್ಲು ಎಂದೋ ಗಟ್ಟಿ ಬಾದಾಮಿಗೆ ಬಲಿಯಾದ ಮೇಲೆ ಅವನು ತುಟಿ ಬಿಚ್ಚಿ ನಗುವುದನ್ನೇ ಬಿಟ್ಟಿದ್ದ. “ಊರಿಗೆಲ್ಲ ಕಟ್ತೀರಿ, ನಿಮ್ಮದು ಯಾವಾಗ?” ಎಂದು ಹೆಂಡತಿ ಕೇಳಿದಾಗಲೆಲ್ಲ ಸಿದ್ಧ ಉತ್ತರ: “ಮುಂದಿನ ವಾರ.” ಆ ವಾರ ಇನ್ನೂ ಬಂದಿರಲಿಲ್ಲ.

ರೈಲಿಳಿದರೆ ನಿಲ್ದಾಣದ ಹೊರಗೆ ಪ್ರವಾಸದ ಗೈಡ್ ಕಾಯುತ್ತಿದ್ದ. ಒಂದು ದಿನ ಊಟ, ಖರೀದಿ. ಮರುದಿನ ಊರಾಚೆಯ ವೈನರಿ. ಎರಡೂ ದಿನ ಇವನೇ ಸಾರಥಿ. ಚೌಕಳಿ ಟೋಪಿ, ಕೆನ್ನೆಯ ಪಕ್ಕ ಹದವಾದ ನರೆ, ಗಂಟೆ ಹೊಡೆದಂಥ ದನಿ. ಅವನು ತಂಡದಲ್ಲಿ ಬಂದವರನ್ನೆಲ್ಲ ನೋಡಿ ಒಂದು ಸಲ ನಕ್ಕ.

“ರೀ! ಎಂಥಾ ನಗು ನೋಡ್ರೀ!” ಹೆಂಡತಿ ಮೊಣಕೈಯಿಂದ ತಿವಿದಳು.

ಮೇಸ್ತ್ರಿ ಫಜೀತಿಗೆ ಸಿಕ್ಕಿದ. ನಗು ನೋಡಬೇಕೆಂದರೆ ಹಲ್ಲು ನೋಡಬೇಕು. ಹಲ್ಲು ನೋಡಿದರೆ ಪ್ರತಿಜ್ಞೆ ನೀರುಪಾಲು! ಕಷ್ಟಪಟ್ಟು ಕಣ್ಣನ್ನು ಮೇಲಕ್ಕೆತ್ತಿ ಗೈಡಿನ ಹಣೆಯ ಹತ್ತಿರ ನಿಲ್ಲಿಸಿದ.

“ಹುಬ್ಬು ಪರವಾಗಿಲ್ಲ,” ಎಂದ.

“ಹುಬ್ಬು ಯಾರು ಕೇಳಿದ್ರು?”

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಉದ್ದನೆಯ ಮೇಜಿಗೆ ಕೂತರು. ಗೈಡ್ ಬಂದು ಸರಿಯಾಗಿ ಮೇಸ್ತ್ರಿಯ ಹೆಂಡತಿಯ ಎದುರಿಗೇ ಕೂರಬೇಕೆ! ಅವನು ಏನೋ ಹೇಳಿ ನಗುತ್ತಾನೆ, ಇವಳೂ ನಗುತ್ತಾಳೆ. ಮೇಸ್ತ್ರಿ ಗರಿಗರಿ ಬ್ರೆಡ್ಡನ್ನು ಬಲಗಡೆಯ ಹಲ್ಲಿಗೆ ಕೊಟ್ಟು ಒಂಟಿಯಾಗಿ ಕಡಿಯುತ್ತಿದ್ದಾನೆ.

“ರೀ,” ಹೆಂಡತಿ ಮೆಲ್ಲಗೆ ಹೇಳಿದಳು, “ಈ ನಗುನ ನಾನು ಎಲ್ಲೋ ನೋಡಿದೀನಿ. ಯಾವುದೋ ಫ್ರೇಮಲ್ಲಿ.”

ಅವಳದು ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿ. ಅಪ್ಪನ ಕಾಲದ್ದು. ದಿನಾ ಊರಿನವರ ಮುಖಗಳು ಅವಳ ಕೈಯಲ್ಲಿ ಹಾದುಹೋಗುತ್ತವೆ. ಒಮ್ಮೆ ನೋಡಿದ ಮುಖ ಮರೆಯುವವಳಲ್ಲ.

ಮೇಸ್ತ್ರಿಯ ಚಮಚ ನಿಂತಿತು. “ಮದುವೆಗೆ ಮುಂಚೆಯೋ, ಆಮೇಲೋ?”

“ಏನು?”

“ನೋಡಿದ್ದು!”

“ನೆನಪಾಗ್ತಿಲ್ಲ ಕಣ್ರೀ. ತುಂಬಾ ಇಷ್ಟಪಟ್ಟು ನೋಡ್ತಾ ಇದ್ದೆ ಅನ್ನೋದಷ್ಟೇ ನೆನಪು.”

ಸೂಪು ಬಿಸಿಯಾಗಿತ್ತೋ, ಹೊಟ್ಟೆಯೇ ಮೊದಲು ಬಿಸಿಯಾಗಿತ್ತೋ, ಒಂದು ಗುಟುಕು ಇಳಿದದ್ದೇ ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಇಷ್ಟಪಟ್ಟು! ತುಂಬಾ ಇಷ್ಟಪಟ್ಟು! ಈ ಗೈಡ್ ತಮ್ಮ ಮದುವೆಗೆ ಮುಂಚೆ ಫೋಟೊಗೆ ಕಟ್ಟು ಹಾಕಿಸಲು ಮಾವನ ಅಂಗಡಿಗೆ ಬಂದಿರಬೇಕು. ಮತ್ತೆ ಮತ್ತೆ ಬಂದಿರಬೇಕು. ಒಬ್ಬ ಮನುಷ್ಯನಿಗೆ ಅಷ್ಟು ಫ್ರೇಮ್ ಯಾಕೆ ಬೇಕು? ಸೂಪು ಮುಗಿಯುವುದರೊಳಗೆ ಮೇಸ್ತ್ರಿ ಮನಸ್ಸಿನಲ್ಲೇ ಒಂದು ಪೂರ್ತಿ ಪ್ರೇಮಕಥೆ ಕಟ್ಟಿ, ಅದರಲ್ಲಿ ತನಗೆ ಖಳನ ಪಾತ್ರವನ್ನೂ ಕೊಟ್ಟುಕೊಂಡಿದ್ದ.

ಸಂಜೆ ಖರೀದಿ. ಬಟ್ಟೆ ಅಂಗಡಿಯಲ್ಲಿ ಹೆಂಡತಿ ಎರಡು ಸ್ಕಾರ್ಫ್ ಹಿಡಿದು ಕನ್ನಡಿಯ ಮುಂದೆ ನಿಂತಳು. ಮೇಸ್ತ್ರಿ “ನೀಲಿ” ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಗಂಟೆ ಬಾರಿಸಿತು. “ಹಸಿರು ಮೇಡಂ! ಕಣ್ಣು ಮುಚ್ಚಿಕೊಂಡು ಹಸಿರು ತಗೊಳ್ಳಿ!”

ಅವಳು ಹಸಿರೇ ತಗೊಂಡಳು. ಮೇಸ್ತ್ರಿ ಸೀದಾ ಟೋಪಿಗಳ ಕಡೆ ನುಗ್ಗಿದ. ಗೈಡ್ ಹಾಕಿದ್ದಂಥದೇ ಚೌಕಳಿ ಟೋಪಿ ಒಂದೇ ಒಂದು ಉಳಿದಿತ್ತು, ಅದೂ ದೊಡ್ಡ ತಲೆಯದ್ದು. ಹಾಕಿಕೊಂಡ. ಟೋಪಿ ಹಣೆ ದಾಟಿ, ಹುಬ್ಬು ದಾಟಿ, ಮೂಗಿನ ಮೇಲೆ ಬಂದು ವಿಶ್ರಾಂತಿ ಪಡೆಯಿತು.

“ಇದ್ಯಾಕ್ರೀ ಟೋಪಿ?”

“ಬಿಸಿಲು.”

“ಅಂಗಡಿ ಒಳಗಾ?”

ಹೋಟೆಲಿನ ಕೋಣೆಗೆ ಬಂದ ಮೇಲೆ ಅವಳು ಹಸಿರು ಸ್ಕಾರ್ಫ್ ಸುತ್ತಿಕೊಂಡು ಕನ್ನಡಿ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ತನ್ನಷ್ಟಕ್ಕೇ ನಕ್ಕಳು. ಕೈಗೆ ಮೊಬೈಲ್ ತಗೊಂಡಳು, ಏನನ್ನೋ ಹುಡುಕಿ ನೋಡಿದಳು, ಇನ್ನಷ್ಟು ನಕ್ಕಳು.

“ಏನೇ ಅದು?”

“ಗೊತ್ತಾಯ್ತು. ಆ ನಗು ಯಾರದ್ದು ಅಂತ.”

“ಯಾರದ್ದು?”

“ಅದನ್ನ ನಾನು ಹೇಳೋ ಹಾಗಿಲ್ಲ,” ಎಂದು ಮೊಬೈಲನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು.

ಹಲ್ಲು ಕಡಿದರೆ ಹಲ್ಲು ಸವೆಯುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಆ ರಾತ್ರಿ ತನ್ನ ಹಲ್ಲನ್ನು ತಾನೇ ಒಂದಿಷ್ಟು ಸವೆಸಿಕೊಂಡ.

ಭಾನುವಾರ ವೈನರಿ. ತಣ್ಣನೆಯ ಕಲ್ಲಿನ ಕೋಣೆ, ಸಾಲುಸಾಲಾಗಿ ಮಲಗಿದ ಪೀಪಾಯಿಗಳು, ನಡುವೆ ಮೇಜು, ಮೇಜಿನ ಪಕ್ಕ ಒಂದು ತಗಡಿನ ಬಕೆಟ್ಟು. ಲೋಟ ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗುಳಬೇಕು. ಅದು ಅಲ್ಲಿಯ ಶಾಸ್ತ್ರ ಎಂದು ಗೈಡ್ ವಿವರಿಸಿದ. ಎಲ್ಲರೂ ಉಗುಳಿದರು. ಗೈಡ್ ಹೇಳಿದ್ದನ್ನು ತಾನು ಕೇಳುವುದೆಂದರೇನು! ಮೇಸ್ತ್ರಿ ಉಗುಳಲಿಲ್ಲ, ನುಂಗಿದ. ಕೆಂಪು ನುಂಗಿದ, ಬಿಳಿ ನುಂಗಿದ, ಮತ್ತೆ ಕೆಂಪು ನುಂಗಿದ.

ಹೆಂಡತಿ ಲೋಟ ಮೂಸಿ, “ಈಗಷ್ಟೇ ಗರಗಸ ಎಳೆದ ಮರದ ವಾಸನೆ ಬರ್ತಿದೆ,” ಎಂದಳು. ಫ್ರೇಮಿನ ಮರ ಕೊಯ್ದು ಕೊಯ್ದು ಪಳಗಿದ ಮೂಗು!

“ಆಹಾ! ಸರಿಯಾಗಿ ಹಿಡಿದ್ರಿ ಮೇಡಂ! ಪೀಪಾಯಿ ಹೊಸದು!” ಗೈಡ್ ಕುಣಿದೇಬಿಟ್ಟ.

ಮೇಸ್ತ್ರಿಯೂ ಮೂಸಿದ. “ನಂಗೆ ಮೇಣದ ವಾಸನೆ ಬರ್ತಿದೆ.”

ಗೈಡ್ ಹೆಂಡತಿಯ ಕಿವಿಯ ಬಳಿ ಏನೋ ಅಂದ. ಅವಳು ಕಿಸಕ್ಕೆಂದಳು. ಅವನೂ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಅಲ್ಲಿಗೆ ಮೇಸ್ತ್ರಿಯ ತಾಳ್ಮೆಯ ಕಟ್ಟೆ ಒಡೆಯಿತು. ಟೋಪಿಯನ್ನು ಕಣ್ಣಿನ ಮೇಲಿಂದ ಎತ್ತಿ, ದಾಪುಗಾಲು ಹಾಕಿ ಬಂದು, “ಭಲೇ ಗೈಡ್ ಸಾಹೇಬ್ರೇ, ಭಲೇ!” ಎಂದು ಸ್ನೇಹದ ಹೆಸರಿನಲ್ಲಿ ಅವನ ಬೆನ್ನಿಗೆ ಒಂದು ಏಟು ಹಾಕಿದ. ಎರಡು ದಿನದ ಹೊಟ್ಟೆಕಿಚ್ಚೆಲ್ಲ ಆ ಅಂಗೈಯಲ್ಲಿತ್ತು!

ಗೈಡಿನ ನಗು ಬಾಯಿ ಬಿಟ್ಟು ಹೊರಗೆ ಹಾರಿತು. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಹಾರಿತು! ಗುಲಾಬಿ ಒಸಡು ಸಮೇತ ಇಡೀ ಮೇಲ್ಸಾಲು ಗಾಳಿಯಲ್ಲಿ ಒಂದು ಲಾಗ ಹಾಕಿ, ಬಕೆಟ್ಟಿನ ಅಂಚಿಗೆ ಟಣ್ ಎಂದು ಬಡಿದು, ಎರಡು ಹೋಳಾಗಿ ಉಗುಳಿದ ವೈನಿನಲ್ಲಿ ಮುಳುಗಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ಗೈಡ್ ಗೋಡೆ ಕಡೆ ತಿರುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಏನು ಬಿತ್ತು, ಯಾರದ್ದು ಬಿತ್ತು ಎಂದು ಹಿಂದಿದ್ದವರಿಗೆ ತಿಳಿಯಲಿಲ್ಲ. ಮೇಸ್ತ್ರಿಯ ಅಮಲು ಜರ್ರನೆ ಇಳಿಯಿತು. ಪ್ರತಿಜ್ಞೆ, ಅಸೂಯೆ, ಮಾನ, ಎಲ್ಲ ಮರೆತು ಮೊಣಕೈವರೆಗೆ ಬಕೆಟ್ಟಿನೊಳಗೆ ಕೈ ಹಾಕಿ ಎರಡೂ ಹೋಳು ಎತ್ತಿದ. ಜೋಡಿಸಿ ಬೆಳಕಿಗೆ ಹಿಡಿದ. ಹಿಡಿದವನ ಕಣ್ಣು ಅಗಲವಾಯಿತು.

ಎಡಗಡೆ ಎರಡನೆಯ ಹಲ್ಲು ಕೂದಲೆಳೆಯಷ್ಟು ಓರೆ!

ಹಲ್ಲೆಲ್ಲ ನೆಟ್ಟಗಿದ್ದರೆ ಕಟ್ಟಿಸಿದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ. ಒಂದು ಚೂರು ಓರೆಯಾದರೆ ಹುಟ್ಟಿನಿಂದ ಬಂದ ಹಾಗಿರುತ್ತದೆ. ಮೇಸ್ತ್ರಿ ಯಾವ ಸೆಟ್ ಕಟ್ಟಿದರೂ ಅದೊಂದು ಹಲ್ಲನ್ನು ಅಷ್ಟೇ ಓರೆಯಾಗಿ ನಿಲ್ಲಿಸುತ್ತಿದ್ದ. ಅದು ಅವನ ಕೈಗುರುತು.

“ನಂದು!” ಕೋಣೆಯೆಲ್ಲ ಮೊಳಗುವ ಹಾಗೆ ಕೂಗಿದ. “ಇದು ನಂದು!”

ಕೂಗಲು ತೆರೆದ ಬಾಯಿಯಲ್ಲಿ ಹಲ್ಲಿಲ್ಲದ ಕಿಂಡಿ ಎಲ್ಲರಿಗೂ ಕಾಣಿಸಿತು. ಹಿಂದಿನಿಂದ ಒಬ್ಬ ಅಜ್ಜಿ, “ಅಯ್ಯೋ ಪಾಪ, ಈ ಟೋಪಿಯವರದ್ದು ಬಿದ್ದುಹೋಯ್ತು! ಎಳೇ ವಯಸ್ಸಿಗೇ!” ಎಂದು ಲೊಚಗುಟ್ಟಿದರು. ಮೇಸ್ತ್ರಿ ನಿಜ ಹೇಳಲು ತಿರುಗಿದ. ಬಾಯಿ ಮುಚ್ಚಿಕೊಂಡಿದ್ದ ಗೈಡಿನ ಕಣ್ಣು ಅವನನ್ನೇ ಬೇಡುತ್ತಿತ್ತು. ಮೇಸ್ತ್ರಿ ಹೋಳುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡ. “ಹೌದು ಅಜ್ಜಿ, ನಂದೇ,” ಎಂದ.

ಸ್ವಲ್ಪ ಹೊತ್ತಿನಲ್ಲಿ ಮೂವರೂ ವೈನರಿಯ ಅಡುಗೆಮನೆಯಲ್ಲಿದ್ದರು. “ರಿಪೇರಿ ಸಾಮಾನಿದ್ದಿದ್ರೆ ಈಗ್ಲೇ ಕೂಡಿಸ್ತಿದ್ದೆ,” ಎಂದು ಮೇಸ್ತ್ರಿ ಹೆಂಡತಿಯ ಮುಖ ನೋಡದೆ ಗೊಣಗಿದ.

ಅವಳು ಬ್ಯಾಗಿಗೆ ಕೈ ಹಾಕಿ ಅವನು ಕದ್ದು ತುರುಕಿದ್ದ ಕಾಲುಚೀಲದ ಉಂಡೆಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಪುಟ್ಟ ಡಬ್ಬಿ: ಗುಲಾಬಿ ಪುಡಿ, ಅದನ್ನು ಕಲಸುವ ದ್ರಾವಣ, ಅಂಟು, ಉಪ್ಪುಕಾಗದ.

“ಯಾ... ಯಾವಾಗ ನೋಡ್ದೆ?”

“ಮನೆ ಬಿಡೋ ಮುಂಚೇನೇ. ಹಾವಾಡಿಗ ಬುಟ್ಟಿ ಬಿಟ್ಟು ಹೋಗ್ತಾನಾ?”

ಮೇಸ್ತ್ರಿ ಕೂಡಿಸಿದ, ಒಣಗಿಸಿದ, ತೀಡಿದ. ಗೈಡ್ ಹಾಕಿಕೊಂಡು ನಕ್ಕ. “ಬೈಕಿಂದ ಬಿದ್ದು ಮೇಲ್ಸಾಲು ಪೂರ್ತಿ ಹೋಗಿತ್ತು ಸರ್. ಮನೆಯಿಂದ ಹೊರಗೇ ಬರ್ತಿರಲಿಲ್ಲ. ಈ ಸೆಟ್ ಬಂದ ಮೇಲೇ ಈ ಕೆಲಸಕ್ಕೆ ಸೇರಿದ್ದು. ಡಾಕ್ಟರ್‌ನ ಕೇಳಿದ್ರೆ ಯಾರೋ ಮೇಸ್ತ್ರಿ ಕಟ್ಟಿದ್ದು ಅಂದ್ರು. ನೀವೇನಾ?” ಎಂದು ಎರಡೂ ಕೈ ಹಿಡಿದುಕೊಂಡ. ಆ ಬೆನ್ನಿಗೆ ತಾನು ಹಾಕಿದ ಏಟು ನೆನೆದು ಮೇಸ್ತ್ರಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಎಷ್ಟು ಹೊತ್ತು? ವಾಪಸ್ ರೈಲು ಹತ್ತುವಷ್ಟರಲ್ಲಿ ಎದೆ ಉಬ್ಬಿ ಅಂಗಿಯ ಗುಂಡಿ ಎಳೆಯುತ್ತಿತ್ತು.

“ಒಪ್ಪಂದ ಮುರೀತು ಅಂತೀಯಾ? ಮುರೀಲಿ! ಎರಡು ದಿನದಿಂದ ಎಂಥಾ ನಗು, ಎಂಥಾ ನಗು ಅಂತ ಕೊಂಡಾಡಿದೆಯಲ್ಲ, ಅದು ಯಾರ ಕೈಕೆಲಸ? ನಂದು ಕಣೇ! ಇನ್ನು ಹೇಳು, ಆ ನಗುನ ಯಾವ ಫ್ರೇಮಲ್ಲಿ ನೋಡಿದ್ದೆ?”

ಹೆಂಡತಿ ಮೊಬೈಲ್ ತೆಗೆದು ಅವನ ಮುಂದೆ ಹಿಡಿದಳು. ಅವಳೇ ಎಂದೋ ಫ್ರೇಮ್ ಹಾಕಿದ್ದ ಹಳೆಯ ಫೋಟೊ. ಪಾರ್ಕಿನ ಬೆಂಚು, ಮದುವೆಯಾದ ಹೊಸದು. ಪಕ್ಕದಲ್ಲಿ ಕೂತ ಹೆಂಡತಿಯನ್ನೇ ನೋಡುತ್ತ ಒಬ್ಬ ಹುಡುಗ ಬಾಯ್ತುಂಬ ನಗುತ್ತಿದ್ದಾನೆ. ಮೇಸ್ತ್ರಿಯ ಕಣ್ಣು ಅಭ್ಯಾಸದಂತೆ ಬಾಯಿಗೇ ಹೋಯಿತು. ಎಡಗಡೆ ಎರಡನೆಯ ಹಲ್ಲು ಕೂದಲೆಳೆಯಷ್ಟು ಓರೆ. ಮೇಸ್ತ್ರಿಯ ಬಾಯಲ್ಲಿ ಈಗ ಕಿಂಡಿಯಿರುವುದೂ ಅಲ್ಲೇ. ನಾಲಿಗೆ ತಾನಾಗಿ ಆ ಜಾಗ ತಡವಿತು.

ಕೈಗುರುತು ಎಂದುಕೊಂಡಿದ್ದ. ಕೈ ಅದನ್ನು ಎಲ್ಲಿಂದ ಕಲಿತಿತ್ತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

“ಮನೆಗೆ ಮಾರಿ, ಊರಿಗೆ ಉಪಕಾರಿ,” ಎಂದಳು ಹೆಂಡತಿ. ದನಿಯಲ್ಲಿ ನಗುವಿತ್ತು, ಮುಖದಲ್ಲಿ ಮಾತ್ರ ಇರಲಿಲ್ಲ. “ಇದೇ ನಗುನ ಊರಿನ ಗಂಡಸರಿಗೆಲ್ಲ ಹಂಚಿದ್ರಿ. ಮನೇಲಿ ಒಂದೂ ಉಳಿಸಲಿಲ್ಲ.”

“ನಿನ್ನೆ ಸಂಜೇನೇ ಗೊತ್ತಾಗಿತ್ತಲ್ಲ, ಆಗಲೇ ಹೇಳಬಾರದಿತ್ತಾ?” ಎಂದ ಮೇಸ್ತ್ರಿ.

“ಹೇಗೆ ಹೇಳ್ಲಿ? ಹಲ್ಲಿನ ಮಾತು ಎತ್ತಬಾರದು ಅಂತ ಒಪ್ಪಂದ!”

“ಹಾಗಾದ್ರೆ... ಮುಂದಿನ ರಜೆಗೆ ಅಕ್ಕನ ಜೊತೆನೇ ಹೋಗ್ತೀಯಾ?”

“ಇಲ್ಲ,” ಎಂದಳು ಅವಳು, ಫೋಟೊ ಮೇಲೆ ಬೆರಳಿಟ್ಟು. “ಇವರ ಜೊತೆ ಹೋಗ್ತೀನಿ. ಸಿಕ್ಕಿದ್ರೆ ಹೇಳಿ.”

ಅವಳು ಆ ಫೋಟೊವನ್ನೇ ನೋಡುತ್ತ ಕೂತಳು. ತುಂಬಾ ಇಷ್ಟಪಟ್ಟು ನೋಡುತ್ತಿದ್ದಳು. ಮೇಸ್ತ್ರಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ. ಬೆಂಚಿನ ಮೇಲೆ ಕೂತ ಆ ಹುಡುಗನನ್ನು ಕಂಡು ಅವನಿಗೆ ಗೈಡನ್ನು ಕಂಡಾಗ ಉರಿದದ್ದಕ್ಕಿಂತಲೂ ಹೆಚ್ಚು ಹೊಟ್ಟೆ ಉರಿಯುತ್ತಿತ್ತು!